ಉಸಿರಿಗೆ ಕಟ್ ಅನ್ನುವುದಿಲ್ಲ

ನಮ್ಮೂರಿನ ಮಾಂಸದ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಪಾಳಿ ಮೂರಕ್ಕೆ ಶುರು. ಪಾಳಿಗೆ ಹೋಗುವ ಮೊದಲು ಹತ್ತು ಹನ್ನೆರಡು ಜನ ಚರ್ಚಿನ ನೆಲಮಾಳಿಗೆಗೆ ಬಂದು ನನ್ನ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದರು. ನೆಬ್ರಾಸ್ಕಾದಲ್ಲೇ ಹುಟ್ಟಿ, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನಗೆ ಸುಮ್ಮನೆ ಕೂತಿರುವುದು ಗೊತ್ತಿರಲಿಲ್ಲ.

ಆ ಮಂಗಳವಾರ ಪಾಠಕ್ಕೆ ತೆಗೆದುಕೊಂಡದ್ದು ಒಂದೇ ಪದ: ಕಟ್. ದಿನವಿಡೀ ಚಾಕು ಹಿಡಿಯುವ ಜನಕ್ಕೆ ಇದಕ್ಕಿಂತ ಹತ್ತಿರದ ಪದ ಇನ್ಯಾವುದಿದೆ? ತರಕಾರಿ ಹೆಚ್ಚುವುದಕ್ಕೆ ಬೇರೆ ಪದ, ಸೌದೆ ಸೀಳುವುದಕ್ಕೆ ಬೇರೆ, ಕೂದಲ ತುದಿಯಷ್ಟೇ ಸವರುವುದಕ್ಕೆ ಬೇರೆ ಎಂದು ಬೋರ್ಡಿನ ಮೇಲೆ ಬರೆದೆ. ಆಮೇಲೆ ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಬೇಕು ಅಂದೆ.

ಗ್ವಾಟೆಮಾಲಾದ ಹೋಸೆಫಾ ಎದ್ದು ನಿಂತಳು. "ನನ್ ಗಂಡ ದುಡ್ಡಿನ ಮಾತು ಬಂದ್ರೆ ಫೋನ್ ಕಟ್ ಮಾಡ್ತಾನೆ."

"ನೆಟ್‌ವರ್ಕ್ ಇರಲ್ವೇನೋ ಪಾಪ!" ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲ ಗೊಳ್ಳೆಂದರು.

ಅವಳ ಪಕ್ಕದಲ್ಲಿ ಲರ್ ಮೂ. ಬರ್ಮಾದ ಕರೆನ್ ಜನದವನು, ಐವತ್ತು ದಾಟಿದವನು. ಹದಿನೇಳು ವರ್ಷ ನಿರಾಶ್ರಿತರ ಶಿಬಿರದಲ್ಲಿ ಕ್ಷೌರ ಮಾಡುತ್ತಿದ್ದನಂತೆ. ಫ್ಯಾಕ್ಟರಿಯಲ್ಲಿ ಮಾಂಸ ಸಾಗಿಬರುವ ಲೈನಿನಲ್ಲಿ ಹೋಸೆಫಾಳಿಗಿಂತ ಮೊದಲಿನ ಜಾಗದಲ್ಲಿ ನಿಂತು ಮಾಂಸದ ಮೇಲಿನ ಕೊಬ್ಬು ತೆಗೆಯುತ್ತಿದ್ದ. ಅವನು ತೆಗೆದಾದ ಮೇಲೆ ತುಂಡು ಅವಳ ಕೈಗೆ ಬರುತ್ತಿತ್ತು.

"ಮೊದ್ಲು ಕೂದ್ಲು ಕಟ್ ಮಾಡ್ತಿದ್ದೆ, ಈಗ ಕೊಬ್ಬು. ಇದೇ ವಾಸಿ ಟೀಚರ್. ದನ ಕನ್ನಡಿ ಕೇಳಲ್ಲ," ಅಂದ.

ನಗು ನಿಂತ ಮೇಲೆ ಮತ್ತೆ ಕೈ ಎತ್ತಿದ. "ಇನ್ನೊಂದು ಟೀಚರ್. ಮೆಟ್ಲು ಹತ್ತುವಾಗ ನನ್ ಉಸಿರು ಕಟ್ ಆಗುತ್ತೆ. ಸರೀನಾ?"

"ತಪ್ಪು," ಅಂದೆ. "ಉಸಿರಿಗೆ ಕಟ್ ಅನ್ನಲ್ಲ. ಉಸಿರು ಸಾಲ್ತಿಲ್ಲ ಅನ್ಬೇಕು."

ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಎರಡು ಸಲ ಗಟ್ಟಿಯಾಗಿ, ತಪ್ಪಿಲ್ಲದೆ ಹೇಳಿದ. ನಾನು "ಶಹಬ್ಬಾಸ್" ಅಂದೆ.

ಅದೇ ಸಂಜೆ ಐದೂವರೆಗೆ ಲೈನಿನ ಪಕ್ಕದಲ್ಲೇ ಕುಸಿದು ಬಿದ್ದು ಸತ್ತುಹೋದ. ಹೃದಯ ನಿಂತಿತ್ತು. ಅವನನ್ನು ಹೊರಗೆ ಒಯ್ದ ಹತ್ತೇ ನಿಮಿಷಕ್ಕೆ ಲೈನು ಮತ್ತೆ ಓಡತೊಡಗಿತಂತೆ.

ಮೂರು ವಾರ ಕಳೆದ ಮೇಲೆ ಒಂದು ದಿನ ಹೋಸೆಫಾ ಪಾಠ ಮುಗಿದರೂ ಎದ್ದು ಹೋಗಲಿಲ್ಲ.

"ಟೀಚರ್, ಅವ್ರ ಜಾಗಕ್ಕೆ ಇನ್ನೂ ಯಾರ್ನೂ ಹಾಕಿಲ್ಲ. ಕೊಬ್ಬೂ ನಾನೇ ತೆಗೀಬೇಕು. ಆದ್ರೆ ಐದೂವರೆ ಆಗ್ತಿದ್ದಂಗೆ ತುಂಡು ಚೊಕ್ಕಟವಾಗಿ ಬರುತ್ತೆ. ಕೊಬ್ಬೇ ಇರಲ್ಲ."

"ಇನ್ನೂ ಹಿಂದೆ ನಿಂತೋರು ಯಾರೋ ತೆಗೆದಿರ್ತಾರೆ ಕಣಮ್ಮ."

"ಅಂಚು ಅವ್ರದ್ದು ಟೀಚರ್. ಕಿವಿ ಸುತ್ತ ಕೂದ್ಲು ತೆಗೆದಂಗೆ ಗುಂಡಗೆ ತಿರುಗಿಸಿ ಬಿಡೋರು. ಎರಡು ವರ್ಷ ನೋಡಿದೀನಿ. ನಂಗೆ ಗೊತ್ತಾಗಲ್ವಾ?"

ದುಃಖಕ್ಕೆ ಹಾಗೆಲ್ಲ ಕಾಣುತ್ತೆ ಅಂತ ಸಮಾಧಾನ ಹೇಳಿ ಕಳಿಸಿದೆ. ಆದರೆ ಆ ಶನಿವಾರ ಅಂಗಡಿಯಲ್ಲಿ ಅವರ ಮೇಸ್ತ್ರಿ ಡೆಲ್ಬರ್ಟ್ ಸಿಕ್ಕ. ಮೂರನೇ ತರಗತಿಯಲ್ಲಿ ನನ್ನ ಹತ್ತಿರ ಓದಿದವನು. ಹಾಲಿನ ಡಬ್ಬ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟ.

"ಮಿಸೆಸ್ ವಾವ್ರಾ, ಆ ಜಾಗಕ್ಕೆ ನಿನ್ನೆ ಒಬ್ಬನ್ನ ಹಾಕಿದ್ದೆ. ಒಂದೇ ಪಾಳಿ. ಬಿಟ್ಟು ಹೋದ. ಪಕ್ಕದಲ್ಲಿ ಯಾರ್ದೋ ಮೊಣಕೈ ತಗಲ್ತಾನೇ ಇತ್ತಂತೆ." ಸುತ್ತ ನೋಡಿ ದನಿ ತಗ್ಗಿಸಿದ. "ನಾನೂ ತುಂಡು ನೋಡಿದೀನಿ. ಯಾರ್ಗೂ ಹೇಳಿಲ್ಲ. ಹೇಳಿದ್ರೆ ನಂಗೇ ಹುಚ್ಚು ಅಂತಾರೆ."

ಅವತ್ತಿನಿಂದ ನನಗೆ ನಿದ್ದೆ ಬಿಟ್ಟುಹೋಯಿತು. ಬೋರ್ಡಿನ ಮುಂದೆ ನಿಂತರೆ ಬೆನ್ನ ಹಿಂದೆ ಯಾರೋ ಕೈ ಎತ್ತಿದ ಹಾಗೆ ಅನಿಸುತ್ತಿತ್ತು. ತಿರುಗಿದರೆ ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿರುತ್ತಿದ್ದರು. ಕೊನೆಗೆ ತಡೆಯಲಾರದೆ ಲರ್ ಮೂನ ಹೆಂಡತಿ ಎಸ್ತರ್ ಪಾ ಮನೆಗೆ ಹೋದೆ. ಅನ್ನ, ಒಣಮೀನಿನ ಚಟ್ನಿ ಮುಂದಿಟ್ಟಳು. ತಟ್ಟೆ ಮುಟ್ಟದೆ, ಅವತ್ತು ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಯಿಲೆ ಹೇಳಿಕೊಂಡವನ ವ್ಯಾಕರಣ ತಿದ್ದಿ ಕಳಿಸಿದೆ ಅಂದೆ.

ಅವಳು ತಟ್ಟೆಯನ್ನು ನನ್ನ ಹತ್ತಿರಕ್ಕೆ ಸರಿಸಿದಳು.

"ನಂಗೂ ಹೇಳಿದ್ರು," ಅಂದಳು ಆಮೇಲೆ. "ನಮ್ ಭಾಷೇಲೇ. ಅಲ್ಲಿ ತಿದ್ದೋಕೆ ಏನೂ ಇರ್ಲಿಲ್ಲ. ಭಾನುವಾರ ಮಲಗಿ ರೆಸ್ಟ್ ತಗೊಳ್ಳಿ ಅಂದುಬಿಟ್ಟೆ."

ಹೋಸೆಫಾ ಹೇಳಿದ ಸಂಗತಿ ಅವಳ ಕಿವಿಗೆ ಆಗಲೇ ಬಿದ್ದಿತ್ತು. "ನಮ್ಮಜ್ಜಿ ಹೇಳೋರು, ಕೆಲ್ಸದ ಮಧ್ಯೆ ಸತ್ತೋರಿಗೆ ತಾವು ಸತ್ತಿದ್ದು ಗೊತ್ತಾಗಲ್ವಂತೆ. ಯಾರಾದ್ರೂ ಹೋಗಿ ಕರೀಬೇಕು. ನನ್ನ ಒಳಗೆ ಬಿಡಿಸ್ತೀರಾ ಟೀಚರ್?"

ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ. ಆದರೂ ಡೆಲ್ಬರ್ಟ್‌ಗೆ ಹೇಳಿದೆ. ಅವನು ಯಾಕೆ ಅಂತ ಒಂದು ಮಾತೂ ಕೇಳದೆ ಎರಡು ಬಿಳಿ ಕೋಟು, ಎರಡು ಟೋಪಿ ತಂದುಕೊಟ್ಟ. ರಾತ್ರಿ ಊಟದ ಬಿಡುವಿಗೆ ಲೈನು ನಿಂತು ಎಲ್ಲರೂ ಹೊರಟ ಮೇಲೆ ನಮ್ಮನ್ನು ಕರೆದುಕೊಂಡು ಹೋದ. ಹೋಸೆಫಾ ಮಾತ್ರ ತನ್ನ ಜಾಗದಲ್ಲೇ ಉಳಿದಿದ್ದಳು. ಒಳಗೆ ಮೂಳೆಗಿಳಿಯುವ ಚಳಿ. ಕೊಕ್ಕೆಗಳಲ್ಲಿ ತೂಗಿಬಿಟ್ಟ ಮಾಂಸ ಇನ್ನೂ ಮೆಲ್ಲಗೆ ಅಲುಗುತ್ತಿತ್ತು.

ಎಸ್ತರ್ ಆ ಖಾಲಿ ಜಾಗದ ಮುಂದೆ ನಿಂತಳು. ಮಂತ್ರ ಹೇಳುತ್ತಾಳೇನೋ, ಪ್ರಾರ್ಥನೆ ಮಾಡುತ್ತಾಳೇನೋ ಅಂದುಕೊಂಡಿದ್ದೆ. ಅವಳು ಹಿತ್ತಲಲ್ಲಿರುವ ಗಂಡನನ್ನು ಊಟಕ್ಕೆ ಕೂಗುವ ಹಾಗೆ, ಸ್ವಲ್ಪ ಸಿಡುಕಿನಿಂದಲೇ, ಅವನ ಹೆಸರು ಹಿಡಿದು ಮೂರು ಸಲ ಕೂಗಿದಳು. ಆಮೇಲೆ ತನ್ನ ಭಾಷೆಯಲ್ಲಿ ಏನೋ ಮೆತ್ತಗೆ ಹೇಳಿದಳು.

ನನ್ನ ಕಡೆ ನೋಡಿದಳು.

"ಲರ್ ಮೂ, ನೀವು ಹೇಳಿದ್ದು ನಂಗೆ ಅರ್ಥ ಆಗಿತ್ತು," ಅಂದೆ. "ತಪ್ಪು ನಿಮ್ದಲ್ಲ."

ನನ್ನ ಬಲಗೈಯ ಪಕ್ಕ ಗಾಳಿ ಸರಿದಂತಾಯಿತು. ನಾನು ಬೇರೆ ಏನನ್ನೂ ಕಾಣಲಿಲ್ಲ. ಹೋಸೆಫಾ ಮಾತ್ರ ಯಾರಿಗೋ ದಾರಿ ಬಿಡುವವಳ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು.

ಬಿಡುವು ಮುಗಿದು ಲೈನು ಓಡಿದಾಗ ಅವಳ ಮುಂದೆ ಬಂದ ಮೊದಲ ತುಂಡಿನ ಮೇಲೆ ಎರಡು ಬೆರಳು ದಪ್ಪ ಕೊಬ್ಬಿತ್ತಂತೆ. ಆಮೇಲೆ ಬಂದದ್ದೂ ಹಾಗೇ. ಅವಳು ಅಳುತ್ತಲೇ ಪಾಳಿ ಮುಗಿಸಿದಳು. "ಪಕ್ಕದಲ್ಲಿ ಇದ್ರು, ಈಗ ಅದೂ ಇಲ್ಲ," ಅಂತ ಮಾರನೆಯ ದಿನ ನನ್ನ ಹತ್ತಿರ ಹೇಳಿಕೊಂಡಳು.

ಎಸ್ತರ್ ವಸಂತ ಬರುವ ಹೊತ್ತಿಗೆ ಮಿನೆಸೋಟಾದ ತಂಗಿಯ ಊರಿಗೆ ಹೋದಳು. ಅವಳು ಹೋದ ವಾರವೇ ಡೆಲ್ಬರ್ಟ್ ನಮ್ಮ ನೆಲಮಾಳಿಗೆಯ ಬಾಗಿಲಲ್ಲಿ ಬಂದು ನಿಂತ. ಟೋಪಿ ತೆಗೆದು, ಎಲ್ಲಕ್ಕಿಂತ ಹಿಂದಿನ ಕುರ್ಚಿಯಲ್ಲಿ ಕೂತ.

"ನಂಗೂ ಪಾಠ ಬೇಕು," ಅಂದ. "ಎದೆ ನೋಯ್ತಿದೆ ಅನ್ನೋಕೆ ನಿಮ್ ನಿಮ್ ಭಾಷೇಲಿ ಏನಂತೀರಿ, ಹೇಳಿ. ನಾನು ಬರ್ಕೋತೀನಿ."

ಒಬ್ಬೊಬ್ಬರೂ ಹೇಳಿದರು. ಅವನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು, ತೊದಲುತ್ತ ಓದಿದ. ಅವನ ಬಾಯಲ್ಲಿ ತನ್ನೂರಿನ ಮಾತು ಮುರಿದು ಬಿದ್ದದ್ದು ಕೇಳಿ ಹೋಸೆಫಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಉಳಿದವರೂ ನಕ್ಕರು. ನನಗೆ ನಗು ಬರಲಿಲ್ಲ.