ಹೊಳೆಯಬಾರದ ಮುಚ್ಚಳ

ತೊಟ್ಟಿಯಿಂದ ಎತ್ತಿದಾಗ ಇಂಜಿನ್ನಿನ ಮುಚ್ಚಳ ಒಲೆಯ ಮೇಲೆ ಮರೆತ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ತಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿದ. ಇನ್ನೊಂದು ಮಗ್ಗುಲಾದರೂ ಬೆಳ್ಳಗಿದ್ದೀತು ಎಂಬ ಆಸೆ ಅವನಿಗೆ ಇನ್ನೂ ಇದ್ದಂತಿತ್ತು.

"ಕಬ್ಬಿಣದ ತೊಟ್ಟಿಗೆ ಹಾಕಿದ್ಯಾ?" ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು.

"ಜಿಡ್ಡು ಬೇಗ ಬಿಡಲಿ ಅಂತ. ಸಂಜೆ ಬ್ಯಾಂಡ್ ಮೇಷ್ಟ್ರು ಬರ್ತಾರಲ್ಲ."

"ಬಿಟ್ಟಿದೆ. ಜಿಡ್ಡೂ ಬಿಟ್ಟಿದೆ, ನಮ್ಮ ಮಾನವೂ ಬಿಟ್ಟಿದೆ."

ಕಾಸ್ಟಿಕ್ ಸೋಡಾ ಕಲಸಿದ ಆ ತೊಟ್ಟಿ ಕಬ್ಬಿಣಕ್ಕೆ ಮಾತ್ರ. ಈ ಮುಚ್ಚಳದಂಥ ಅಲ್ಯೂಮಿನಿಯಂ ಬಿದ್ದರೆ ನೊರೆ ಉಕ್ಕುತ್ತದೆ, ಲೋಹ ಕಪ್ಪಾಗುತ್ತದೆ. ಅದು ಅವನಿಗೂ ಗೊತ್ತು. ಆದರೆ ಹೊಸ ಪಾಲಿಶ್ ಯಂತ್ರ ಬಂದಾಗಿನಿಂದ ಅವನಿಗೆ ಎಲ್ಲದಕ್ಕೂ ಅವಸರ. ಬೈಕಿನವರು ಬರುತ್ತಾರೆ, ಕನ್ನಡಿಯಂತೆ ಹೊಳೆಯುವ ಭಾಗದಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಳ್ಳುತ್ತಾರೆ, ಖುಷಿಯಾಗಿ ಹೋಗುತ್ತಾರೆ. ಬ್ರಷ್ಷಿನಲ್ಲಿ ತಿಕ್ಕಿ ತೊಳೆಯುವ ಅಕ್ಕನ ಕೆಲಸ ಅಂಗಡಿಯ ಹಿಂಭಾಗದಲ್ಲಿ, ಟಾರ್ಪಾಲಿನ ಮರೆಯಲ್ಲಿ. "ಒಳಗೆ ಮಾಡಿಸ್ತೀವಿ" ಎನ್ನುತ್ತಿದ್ದ ತಮ್ಮ ಗಿರಾಕಿಗಳಿಗೆ. ಮಾಡುವವರು ಯಾರು ಎಂದು ಯಾರೂ ಕೇಳಿರಲಿಲ್ಲ.

ಬ್ಯಾಂಡ್ ಮೇಷ್ಟ್ರು ಮಾತ್ರ ಬೇರೆ ತರಹ ಕೇಳಿದ್ದರು. ಡೋಲುಗಳನ್ನು ಹೊತ್ತು ತಿರುಗಿ ಮುದಿಯಾದ ಕಾರಿನ ಇಂಜಿನ್ನಿನ ಎರಡು ಮುಚ್ಚಳಗಳನ್ನು ತಂದಿಟ್ಟು, "ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗಾಗಬೇಕು" ಎಂದಿದ್ದರು. ಟಾರ್ಪಾಲಿನ ಆಚೆ ಅಕ್ಕನ ಬ್ರಷ್ಷು ಒಂದು ಕ್ಷಣ ನಿಂತಿತ್ತು. ಕಾರ್ಖಾನೆಯಿಂದ ಬಂದ ದಿನ ಅಲ್ಯೂಮಿನಿಯಂ ಹೊಳೆಯುವುದಿಲ್ಲ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು. ಮೈಯೆಲ್ಲ ರವೆಯಂಥ ಸಣ್ಣ ತರಿ, ಆರಿದ ಬೂದಿಯ ಬಣ್ಣ. ಒಂದು ಮುಚ್ಚಳದಲ್ಲಿ ಬಿಗಿದು ಹಿಡಿದ ಕ್ಲಾಂಪಿನ ಅಡಿ ಅಂಗೈಯಷ್ಟು ಜಾಗ ಗಾಳಿ, ಎಣ್ಣೆ ಏನೂ ತಾಗದೆ ಹಾಗೇ ಉಳಿದಿತ್ತು. ಅದನ್ನು ನೋಡಿಕೊಂಡೇ ಉಳಿದದ್ದನ್ನು ಮಾಡಬೇಕು. ಪುಣ್ಯಕ್ಕೆ ಆ ಮುಚ್ಚಳ, ಅವಳು ತಿಕ್ಕಿ ತೊಳೆದದ್ದು, ಇನ್ನೂ ಅವಳ ಮೇಜಿನ ಮೇಲಿತ್ತು.

ತಮ್ಮ ಯಂತ್ರ ಚಾಲೂ ಮಾಡಿದ. ಬಟ್ಟೆಯ ಚಕ್ರ ಗುಂಯ್ ಎಂದಿತು.

"ಎರಡನ್ನೂ ಉಜ್ಜಿಬಿಡ್ತೀನಿ. ಕಪ್ಪು ಹೋಗುತ್ತೆ, ಜೋಡಿನೂ ಸರಿಹೋಗುತ್ತೆ. ಇನ್ನೊಂದು ಕೊಡಿಲ್ಲಿ."

ಅವಳು ಮುಚ್ಚಳವನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಕುಳಿತಳು, ಮಡಿಲಲ್ಲಿ ಮಗುವನ್ನು ಇಟ್ಟುಕೊಂಡವಳ ಹಾಗೆ.

"ಕೊಡಕ್ಕ."

"ಕೊಡಲ್ಲ. ಒಂದ್ಸಲ ಆ ಚಕ್ರಕ್ಕೆ ತಾಗಿದ್ರೆ ಮೇಲಿನ ರವೆ ಹೋಯ್ತು. ಆಮೇಲೆ ನಿಮ್ಮಪ್ಪ ಬಂದ್ರೂ ತರೋಕಾಗಲ್ಲ."

"ನಮ್ಮಪ್ಪ ನಿನಗೂ ಅಪ್ಪನೇ."

"ಅದಕ್ಕೇ ಹೇಳ್ತಿರೋದು."

"ನೋಡು, ಅಂಗಡಿ ನನ್ನ ಹೆಸರಲ್ಲಿದೆ."

"ಕೈ ನನ್ನ ಹೆಸರಲ್ಲಿದೆ."

ತಮ್ಮನ ಕಿವಿ ಕೆಂಪಾಯಿತು. "ಹಾಗಾದ್ರೆ ನಾಳೆಯಿಂದ ಮನೇಲೇ ಇರು. ನಿನ್ನ ಬೂದಿ ಬಣ್ಣ ಅಡುಗೆಮನೇಲಿ ಬಳ್ಕೋ."

"ನಾಳೆ ಮಾತು ನಾಳೆಗಾಯ್ತು. ಇವತ್ತು ಇಲ್ಲಿದೀನಲ್ಲ."

ಅವಳು ಎದ್ದಳು. ಒಂದು ಕಂಕುಳಲ್ಲಿ ಬೂದಿ ಬಣ್ಣದ್ದು, ಇನ್ನೊಂದರಲ್ಲಿ ಅವನು ನೀರಲ್ಲಿ ತೊಳೆದು ಪಕ್ಕಕ್ಕಿಟ್ಟಿದ್ದ ಕಪ್ಪಾದದ್ದು. ಟಾರ್ಪಾಲನ್ನು ಭುಜದಿಂದ ತಳ್ಳಿ ಅಂಗಡಿಯ ಮುಂದಕ್ಕೆ ಬಂದಳು. ಗಿರಾಕಿಗಳು ನಿಲ್ಲುವ ಸಿಮೆಂಟಿನ ಜಗಲಿಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಳು. ಮತ್ತೆ ಒಳಗೆ ಹೋಗಿ ಬಕೆಟ್ಟು, ಬ್ರಷ್ಷು, ನೀರು ಬೆರೆಸಿದ ಆಸಿಡ್ಡಿನ ಡಬ್ಬ ತಂದಳು. ಅವಳು ಹೋಗಿಬರುವಷ್ಟರಲ್ಲಿ ತಮ್ಮ ಮುಚ್ಚಳಗಳ ಮೇಲೆ ಗೋಣಿಚೀಲ ಹಾಕಿದ್ದ. ಅವಳು ಅದನ್ನು ಕಾಲಿನಿಂದ ಆಚೆ ಸರಿಸಿದಳು.

"ಹುಚ್ಚು ಹಿಡಿದಿದ್ಯಾ? ರಸ್ತೇಲಿ ಹೋಗೋರೆಲ್ಲ ನೋಡ್ತಾರೆ."

"ನೋಡ್ಲಿ. ಇಷ್ಟು ದಿನ ಟಾರ್ಪಾಲು ನೋಡಿದ್ದು ಸಾಕು."

ಬ್ಯಾಂಡ್ ಮೇಷ್ಟ್ರು ಬಂದಾಗ ತಮ್ಮ ಒಳಗೆ ಯಂತ್ರದ ಹತ್ತಿರ ಹೋಗಿದ್ದ, ಅವಳು ಕೈಗವಸು ಹಾಕಿಕೊಳ್ಳುತ್ತಿದ್ದಳು. ಅವರು ಎರಡು ಮುಚ್ಚಳಗಳನ್ನೂ ನೋಡಿದರು. ನಗಲಿಲ್ಲ.

"ಇದೇನಮ್ಮಾ, ಒಂದು ಸುಟ್ಟು ಕರಕಲಾಗಿದೆ?"

ಒಳಗೆ ಯಂತ್ರದ ಸದ್ದು ನಿಂತಿತು. ತಮ್ಮನೇ ನಿಲ್ಲಿಸಿದ್ದ.

"ಸುಟ್ಟಿಲ್ಲ ಮೇಷ್ಟ್ರೇ. ತಪ್ಪು ತೊಟ್ಟಿಗೆ ಹಾಕಿದ್ವಿ. ನಮ್ಮಂಗಡಿ ತಪ್ಪು." ಯಾರದ್ದು ಎಂದು ಅವಳು ಹೇಳಲಿಲ್ಲ. "ಕಪ್ಪು ತೆಗೀತೀನಿ. ಆಮೇಲೆ ಈ ಇನ್ನೊಂದರ ಪಕ್ಕ ಇಟ್ಕೊಂಡು ಬಣ್ಣ ಹೊಂದಿಸ್ತೀನಿ. ಪೂರ್ತಿ ಅದೇ ಆಗಲ್ಲ, ಹತ್ತಿರ ಬರುತ್ತೆ. ಆದ್ರೆ ಹೊಳೆಯಲ್ಲ. ಹೊಳಪು ಬೇಕಿದ್ರೆ ಈಗಲೇ ಹೇಳಿ, ನಮ್ಮ ತಮ್ಮ ಮಾಡಿಕೊಡ್ತಾನೆ. ನಾನು ಮುಟ್ಟಲ್ಲ."

"ಬರಲಿಲ್ಲ ಅಂದ್ರೆ?"

"ಇಲ್ಲೇ ನಿಂತು ಬೈಯಿರಿ. ತುತ್ತೂರಿ ಊದಿದ ಬಾಯಿ, ಊರಿಗೆಲ್ಲ ಕೇಳ್ಸುತ್ತೆ."

ಮೇಷ್ಟ್ರು ಗೋಡೆಗೆ ಒರಗಿಸಿದ್ದ ಹಳೇ ಟೈರನ್ನು ಉರುಳಿಸಿ ತಂದು ಮಲಗಿಸಿ, ಅದರ ಮೇಲೆ ಕುಳಿತರು.

ಅವಳು ಬ್ರಷ್ಷನ್ನು ಆಸಿಡ್ಡಿನಲ್ಲಿ ಅದ್ದಿ ಕಪ್ಪು ಮುಚ್ಚಳವನ್ನು ತಿಕ್ಕಿ, ನೀರು ಹೊಯ್ದಳು. ಮೊದಲು ಏನೂ ಆಗಲಿಲ್ಲ. ರಸ್ತೆಯ ಆಚೆ ಬದಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಒಳಗೆ ತಮ್ಮ ಚಕ್ರದ ಬಟ್ಟೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಅವಳು ಮತ್ತೆ ತಿಕ್ಕಿ ಎರಡನೇ ಸಲ ನೀರು ಹೊಯ್ದಾಗ ಕಪ್ಪು ಬಿಡತೊಡಗಿತು. ಮಸಿಯಂಥ ನೀರು ಜಗಲಿಯಿಂದ ಇಳಿದು, ಮೇಷ್ಟ್ರ ಚಪ್ಪಲಿಗಳನ್ನು ಸುತ್ತಿಕೊಂಡು ರಸ್ತೆಯ ಕಡೆ ಹೊರಟಿತು. ಅವರು ಕಾಲು ತೆಗೆಯಲಿಲ್ಲ.