ಬರಿಗಾಲಿನ ಪೆಟ್ಟಿಗೆ

ಭೂಕಂಪ ನಮ್ಮೂರಿನ ಹದಿನಾಲ್ಕು ಜನರನ್ನು ತಿಂದಿತು. ಅಷ್ಟಕ್ಕೂ ಸುಮ್ಮನಾಗಲಿಲ್ಲ ದರಿದ್ರದ್ದು, ಹಿಂದೆ ಸತ್ತವರ ತಂಟೆಗೂ ಹೋಯಿತು. ಸ್ಮಶಾನದ ಗೋಡೆ ಕುಸಿದು, ಅದರ ಗೂಡುಗಳಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ ಹಿರಿಯರೆಲ್ಲ ಇಳಿಜಾರಿಗೆ ಉರುಳಿದರು. ಹೆಸರಿನ ಕಲ್ಲು ಒಂದು ಕಡೆ, ಪೆಟ್ಟಿಗೆ ಒಂದು ಕಡೆ. ಗುರುತು ಸಿಗದ ಹನ್ನೊಂದು ಪೆಟ್ಟಿಗೆಗಳನ್ನು ತಂದು ಶಾಲೆಯ ಆಟದ ಕೊಠಡಿಯಲ್ಲಿ ಇಟ್ಟಿದ್ದರು. ಸಂಜೆ ನಾಲ್ಕರೊಳಗೆ ಮನೆಯವರು ಗುರುತಿಸದಿದ್ದರೆ ಎಲ್ಲವೂ ಕೆಳಗಿನ ಪಟ್ಟಣದಲ್ಲಿ ಒಂದೇ ಗುಂಡಿಗೆ.

ಒರ್ಸೊಲಕ್ಕ ಬೆಳಗಿನಿಂದ ಅಲ್ಲೇ, ಪೆಟ್ಟಿಗೆ ತೆರೆದು ಪರೀಕ್ಷಿಸುತ್ತಿದ್ದ ಡಾಕ್ಟರಮ್ಮನ ಎದುರು ಕೂತಿದ್ದಳು. ಎಂಬತ್ತೊಂದು ವರ್ಷ. ಮನೆ ಹೋಯಿತು, ಕುರಿಗಳು ಹೋದವು. ಈಗ ಅವಳಿಗೆ ಬೇಕಾಗಿದ್ದು ಗಂಡ ವೆನಾಂಜೊನ ಪೆಟ್ಟಿಗೆ ಒಂದೇ, ಅದರ ಪಕ್ಕದಲ್ಲಿ ತಾನೂ ಮಲಗುವುದಕ್ಕೆ.

"ಹೊಸ ಬೂಟು ಹಾಕಿ ಕಳಿಸಿದೀನಿ ಡಾಕ್ಟ್ರೇ. ಬೆಟ್ಟ ಹತ್ತೋ ಬೂಟು. ಅವನು ಒಂದಿನಾನೂ ಮೆಟ್ಟಿರಲಿಲ್ಲ. ಬೇಕಾದ್ರೆ ನೆಲ್ಲೊನ ಕೇಳಿ, ಇವನೇ ಹಾಕಿದ್ದು."

ನೆಲ್ಲೊ ಅಂದರೆ ನಾನು. ಆಗೆಲ್ಲ ಊರಿನಲ್ಲಿ ಹೆಣ ತೊಳೆದು ಪೆಟ್ಟಿಗೆ ಮುಚ್ಚುವ ಕೆಲಸ ನನ್ನದೇ. ಹೂಂ ಅಂದೆ.

ಡಾಕ್ಟರಮ್ಮ ಚೀಟಿ ನೋಡಿದಳು. "ಬೂಟು ಯಾವುದರಲ್ಲೂ ಇಲ್ಲ ಅಜ್ಜಿ. ಹತ್ತು ಜನಕ್ಕೆ ಮಾಮೂಲಿ ಷೂ ಇದೆ. ಒಬ್ಬ ಗಂಡಸು ಬರಿಗಾಲು."

"ಹಂಗಾದ್ರೆ ವೆನಾಂಜೊ ಎದ್ದು ಬೇಟೆಗೆ ಹೋಗಿದಾನೆ ಬಿಡಕ್ಕ," ಅಂದ ಕುರಿ ಕಾಯುವ ಪ್ರಿಮೊ.

"ಹೋಗಿರ್ತಾನೆ. ಮನೇಲಿ ಯಾವತ್ತಿದ್ದ ಅವನು!" ಒರ್ಸೊಲಕ್ಕ ನಕ್ಕಳು. ಮರುಕ್ಷಣವೇ ಮುಖ ಸಣ್ಣದಾಯಿತು. "ಅದ್ಯಾರನ್ನೋ ಬರಿಗಾಲಲ್ಲಿ ಕಳಿಸಿದಾರಲ್ಲ, ಥೂ! ಯಾವ ಮನೆಯವರೋ ಮಾನಗೆಟ್ಟವರು." ಆ ಅನಾಥನಿಗಾಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಊರುಗೋಲು ಹಿಡಿದು ಎದ್ದಳು. "ಮುಗೀತು. ನನ್ನವನು ಬಂಡೆ ಕೆಳಗೆ ಸೇರಿಹೋಗಿದಾನೆ. ನಡಿ ನೆಲ್ಲೊ, ಕೈ ಕೊಡು."

ಕೊಟ್ಟೆ. ಬಾಗಿಲವರೆಗೂ ಬಾಯಿ ಮುಚ್ಚಿಕೊಂಡೇ ಬಂದೆ, ನಾನೂ ಒಬ್ಬ ಮನುಷ್ಯನೇ!

"ಅಕ್ಕಾ, ಆ ಬರಿಗಾಲು ವೆನಾಂಜೊಂದೇ. ಮುಚ್ಚಳ ಹಾಕೋ ಮುಂಚೆ ಬೂಟು ನಾನು ಬಿಚ್ಚಿಕೊಂಡೆ."

ನನ್ನ ಮೆಟ್ಟು ಹರಿದಿತ್ತು. ಆ ಬೂಟನ್ನು ಮೇಲಿನ ಹುಲ್ಲುಗಾವಲಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಹನ್ನೊಂದು ಚಳಿಗಾಲ ಹಾಕಿ ಸವೆಸಿದೆ. ಇದನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ.

"ಒಳಗೆ ಉಣ್ಣೆ ಕಾಲುಚೀಲ ಇತ್ತಲ್ಲೋ, ನಾನು ಹೆಣೆದದ್ದು?"

"ಅದನ್ನೂ ತಗೊಂಡೆ."

"ಜನವರಿ ಚಳಿ ಕಣೋ ಆಗ," ಅಂದಳು.

ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

ವೆನಾಂಜೊನ ಪೆಟ್ಟಿಗೆ ಹೊರಲು ನಾಲ್ಕು ಜನ ಬೇಕು. ಊರಿನಲ್ಲಿ ಉಳಿದಿದ್ದ ಗಟ್ಟಿ ಗಂಡಸರು ನನ್ನನ್ನೂ ಸೇರಿಸಿ ನಾಲ್ವರೇ. ಮೂವರು ಮೂರು ಮೂಲೆ ಹಿಡಿದರು, ನಾನು ನಾಲ್ಕನೆಯದಕ್ಕೆ ಬಗ್ಗಿದೆ.

"ಮುಟ್ಟಬೇಡ."

ಊರುಗೋಲನ್ನು ನೆಲಕ್ಕೆ ಬಿಟ್ಟು, ಆ ಮೂಲೆಯ ಹಿಡಿಗೆ ಅವಳೇ ಕೈ ಹಾಕಿದಳು. ಪ್ರಿಮೊ ಬೇಡ ಬೇಡ ಅಂದ. ಅಂಗಳ ದಾಟುವಷ್ಟರಲ್ಲಿ ಮೂರು ಸಲ ಇಳಿಸಬೇಕಾಯಿತು. ಮೂರು ಸಲವೂ ಆ ಮೂಲೆಯನ್ನು ಅವಳೇ ಎತ್ತಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.