ಮುಸುಕಿನ ಹೆಸರು

ಆ ಛಾಯಾಚಿತ್ರದಲ್ಲಿ ಒಂದೂ ಮುಖವಿಲ್ಲ. ಉದ್ದನೆಯ ತಗಡಿನ ಮೇಜಿನ ಮುಂದೆ ಐವರು ಹೆಂಗಸರು ನಮಗೆ ಬೆನ್ನು ಹಾಕಿ ನಿಂತಿದ್ದಾರೆ. ಐದು ಬಿಳಿಯ ತಲೆವಸ್ತ್ರಗಳು, ಕತ್ತಿನ ಹಿಂದೆ ಐದು ಗಂಟುಗಳು. ಎಡದಿಂದ ಎರಡನೆಯವಳ ಗಂಟು ಮಾತ್ರ ಸಡಿಲಗೊಂಡು, ನರೆತ ಕೂದಲಿನ ಒಂದೆಳೆ ಹೊರಗಿಳಿದಿದೆ. ಮೇಜಿನ ಮೇಲೆ ತಲೆ ಕಳೆದುಕೊಂಡ ಭೂತಾಯಿ ಮೀನುಗಳ ಸಾಲು. ಎತ್ತರದ ಕಿಟಕಿಯಿಂದ ಇಳಿದ ಬೆಳಕು ಮೀನುಗಳಿಗೂ ರಬ್ಬರಿನ ಕೈಗವಸುಗಳಿಗೂ ಒಂದೇ ಹೊಳಪನ್ನು ಕೊಟ್ಟಿದೆ. ನೆಲ ಒದ್ದೆ. ಬಲತುದಿಯವಳು ಒಂದು ಕಾಲಿನ ದಣಿವನ್ನು ಇನ್ನೊಂದಕ್ಕೆ ದಾಟಿಸುತ್ತಿದ್ದಾಳೆ; ಅವಳ ಹಿಮ್ಮಡಿ ನೆಲದಿಂದ ಒಂದು ಬೆರಳಿನಷ್ಟು ಮೇಲೆದ್ದಿದೆ, ಹಾಗೆಯೇ ನಿಂತಿದೆ.

ಈ ಚಿತ್ರ ನಮ್ಮ ಸಮಾಜಶಾಸ್ತ್ರಜ್ಞರ ಸಂಘದ ವಾರ್ತಾಪತ್ರದ ಐದನೆಯ ಪುಟದಲ್ಲಿ ಅಚ್ಚಾಗಿತ್ತು. ತೆಗೆದವಳು ರೌಧಾ, ಕರಾವಳಿಯ ಒಂದು ಊರಿನ ಮೀನಿನ ಡಬ್ಬಿಗಳ ಕಾರ್ಖಾನೆಯಲ್ಲಿ ಎರಡು ವರ್ಷ ಹೆಂಗಸರ ನಡುವೆ ಕಳೆದು, ಪ್ರಬಂಧ ಬರೆದು, ಸಂಘದ ಬಹುಮಾನ ಪಡೆದವಳು. ಊರಿನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳದಿರುವುದು ನಮ್ಮ ಕಸುಬಿನ ಮೊದಲ ಪಾಠ. ನಮ್ಮನ್ನು ನಂಬಿ ಮಾತನಾಡಿದವರಿಗೆ ಮುಸುಕಿನ ಹೆಸರೊಂದನ್ನು ಕೊಡುತ್ತೇವೆ, ಅವರ ಬೆನ್ನನ್ನಷ್ಟೇ ಜಗತ್ತಿಗೆ ತೋರಿಸುತ್ತೇವೆ.

ಟ್ಯೂನಿಸ್ ನಗರದ ಹಳೆಯ ಪೇಟೆಯಲ್ಲಿರುವ ಸಂಘದ ಮನೆಯ ಮಹಡಿಯಲ್ಲಿ, ವಾರ್ಷಿಕ ಸಭೆಯ ಬೆಳಗ್ಗೆ, ಆ ಸಂಚಿಕೆಯ ಇನ್ನೂರು ಪ್ರತಿಗಳ ಮುಂದೆ ನಾನು ಕುಳಿತಿದ್ದೆ. ನಿವೃತ್ತನಾದ ಮೇಲೆ ನನಗುಳಿದ ಕೆಲಸ ಅದೊಂದೇ. ಮೂರು ಹಾಳೆ, ಮೂಲೆಯಲ್ಲಿ ಒಂದು ಪಿನ್ನು. ಯಾರಿಗೆ ಎಲ್ಲಿ ಹುದ್ದೆ ಸಿಕ್ಕಿತು, ಯಾರ ಪುಸ್ತಕ ಬಂತು, ಯಾರ ಮಗಳ ಮದುವೆಯಾಯಿತು. ಕೊನೆಯ ಪುಟದಲ್ಲಿ, ಯಾರು ತೀರಿಕೊಂಡರು. ನಮ್ಮವರೆಲ್ಲ ಅದನ್ನು ಹಿಂದಿನಿಂದಲೇ ಓದುತ್ತಾರೆ. ಸತ್ತವನು ತಾನಲ್ಲವೆಂದು ಖಾತ್ರಿಯಾದ ಮೇಲೆ ಮುಂದಿನ ಪುಟಕ್ಕೆ ಹೋಗುತ್ತಾರೆಂಬುದು ಅಧ್ಯಕ್ಷ ನಜೀಬನ ಹಳೆಯ ತಮಾಷೆ.

ಈ ಬಾರಿಯ ಕೊನೆಯ ಪುಟ ಜಕಿಯಾಳದು. ನಲವತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ನನ್ನ ಪಕ್ಕದ ಕೊಠಡಿಯಲ್ಲಿದ್ದವಳು. ಆ ಒಂದು ಪುಟಕ್ಕೆ ಹನ್ನೊಂದು ದಿನ ತೆಗೆದುಕೊಂಡಿದ್ದೆ. ಬದುಕಿದ್ದಾಗ ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು, ಇನ್ನೂ ಹೇಳದೆಯೇ, ಪದಗಳ ನಡುವಿನ ಖಾಲಿಯಲ್ಲಿ ಇಟ್ಟಿದ್ದೆ.

ಒಂಬತ್ತು ಗಂಟೆಗೆ ರೌಧಾ ಮೆಟ್ಟಿಲು ಹತ್ತಿ ಬಂದಳು. ನಸುಕಿನ ವ್ಯಾನು ಹಿಡಿದು ಬಂದ ಧೂಳು ಅವಳ ಬೂಟಿನ ಮೇಲಿತ್ತು.

“ಉಸ್ತಾದ್, ಹಂಚಿಬಿಟ್ರಾ?”

“ಇಲ್ಲ. ಹನ್ನೊಂದಕ್ಕೆ, ಚಹಾದ ಹೊತ್ತಿಗೆ. ಯಾಕಮ್ಮ?”

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು, ಕೂರಲಿಲ್ಲ. “ನಿನ್ನೆ ಸಂಜೆ ಮಬ್ರೂಕಾ ಮನೆಗೆ ಹೋಗಿದ್ದೆ. ನೀವು ಕಳಿಸಿದ ಪ್ರತಿ ತೋರಿಸೋಣ ಅಂತ. ಅವಳಿಗೆ ಓದೋಕೆ ಬರಲ್ಲ, ಮಗಳು ಓದಿ ಹೇಳಿದ್ಲು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಅಳೋಕೆ ಶುರು ಮಾಡಿದ್ಲು. ಸಂತೋಷಕ್ಕೆ, ಉಸ್ತಾದ್. ‘ನಮ್ಮವ್ವ ಪುಸ್ತಕಕ್ಕೆ ಬಂದ್ಲು’ ಅಂತ.”

ನನಗೆ ಒಡನೆ ಅರ್ಥವಾಗಲಿಲ್ಲ. ಮಬ್ರೂಕಾ ಆ ಕಾರ್ಖಾನೆಯ ಹೆಂಗಸರಲ್ಲೊಬ್ಬಳು, ಐದನೆಯ ಪುಟದ ಮಾತು ಅವಳದು; ಈ ಹೆಸರು ಅಚ್ಚಾದದ್ದಲ್ಲ, ಈ ಕಥೆಗಾಗಿ ನಾನಿಟ್ಟದ್ದು. ಆದರೆ ಅಚ್ಚಾದ ಮುಸುಕಿನ ಹೆಸರನ್ನು ಆರಿಸಿಕೊಂಡವಳು ಆ ಹೆಂಗಸೇ. ಮಾತನಾಡಿದವರೇ ತಮ್ಮ ಹೆಸರನ್ನು ಆರಿಸಿಕೊಳ್ಳಲಿ, ಅದು ಅವರಿಗೆ ಸಲ್ಲಬೇಕಾದ ಗೌರವ ಎಂದು ಈಗಿನವರು ಹೇಳುತ್ತಾರೆ. ತರಗತಿಯಲ್ಲಿ ನಾನೂ ಹೇಳಿದ್ದೆ. ಆ ಹೆಂಗಸು ಕೊಟ್ಟದ್ದು ತನ್ನ ತಾಯಿಯ ನಿಜವಾದ ಹೆಸರು; ಆ ತಾಯಿ ಅದೇ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ ನಿಂತು ಸತ್ತವಳು.

“ಕಾರ್ಖಾನೆಯ ಅರ್ಜಿಯಲ್ಲಿ ಮೂರು ಸಾಲು ಇರತ್ತೆ,” ರೌಧಾಳ ದನಿ ಇಳಿಯಿತು. “ಹೆಸರು. ತಂದೆ ಹೆಸರು. ತಾಯಿ ಹೆಸರು.”

ಈಗ ಅರ್ಥವಾಯಿತು. ಅಚ್ಚಾದ ಹೆಸರನ್ನು ಅರ್ಜಿಗಳ ಆ ಮೂರನೆಯ ಸಾಲಿನೊಡನೆ ಹೋಲಿಸಿದರೆ ಸಾಕು, ಮಾತನಾಡಿದವಳು ಯಾರೆಂದು ಗೊತ್ತಾಗಿಬಿಡುತ್ತಿತ್ತು. ಕಳೆದ ಆಗಸ್ಟಿನಲ್ಲಿ ಆ ಕಾರ್ಖಾನೆಯ ಯಂತ್ರ ಮೂರು ದಿನ, ದಿನವೂ ಒಂದೇ ಹೊತ್ತಿಗೆ ನಿಂತಿತ್ತು. ಸರಪಳಿಯ ಹಲ್ಲುಗಳ ನಡುವೆ ಪ್ರತಿಸಲವೂ ಒಂದು ಒದ್ದೆ ಕೈಗವಸು ಸಿಕ್ಕಿತ್ತು. ಶುರುಮಾಡಿದವಳು ಯಾರೆಂದು ಮಾಲೀಕ ಇಂದಿಗೂ ಹುಡುಕುತ್ತಿದ್ದ; ಸಿಕ್ಕಿದರೆ ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಜೈಲಿಗೂ ಕಳಿಸುವೆನೆಂದು ಎಲ್ಲರೆದುರು ಹೇಳಿದ್ದ. ನಮ್ಮ ಐದನೆಯ ಪುಟದಲ್ಲಿ, ಆ ಚಿತ್ರದ ಕೆಳಗೆ, ಮಬ್ರೂಕಾ ಹೇಳುತ್ತಿದ್ದಳು: ‘ಮೊದಲನೇ ಗವಸು ನಂದೇ. ಯಂತ್ರ ಉಸಿರು ಹಿಡಿದಾಗ ಸಮುದ್ರ ಕೇಳಿಸ್ತು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.’

ನಾನೂರು ಪುಟಗಳ ಪ್ರಬಂಧದಿಂದ ಆ ಸಾಲುಗಳನ್ನು ಆರಿಸಿದವನು ನಾನು. ರೌಧಾ ಕೂಲಿಯ ಕೋಷ್ಟಕವೊಂದನ್ನು ಕಳಿಸಿದ್ದಳು. ಸಮುದ್ರ ಕೇಳಿಸಿದ ಮಾತಿಗೆ ಮರುಳಾಗಿ ನಾನು ಕೋಷ್ಟಕವನ್ನು ಬದಿಗಿಟ್ಟಿದ್ದೆ.

“ಪ್ರಬಂಧದಲ್ಲಿ ಹೆಸರು ಬದಲಾಯಿಸಬಹುದು, ಅದಿನ್ನೂ ಗ್ರಂಥಾಲಯಕ್ಕೆ ಹೋಗಿಲ್ಲ,” ಎಂದಳು ರೌಧಾ. “ಇದನ್ನ ಏನು ಮಾಡೋದು? ಹಾತಿಮ್ ಬರ್ತಾರಲ್ಲ ಇವತ್ತು.”

ಹಾತಿಮ್ ನನ್ನ ಹಳೆಯ ವಿದ್ಯಾರ್ಥಿ. ಇದೂ ಅವನ ನಿಜವಾದ ಹೆಸರಲ್ಲ. ಆ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಅವನೇ. ನಮ್ಮಲ್ಲಿ ಓದಿದವರಲ್ಲಿ ಅರ್ಧಕ್ಕರ್ಧ ಜನ ಕೊನೆಗೆ ತಲುಪುವುದು ಅಂಥ ಮೇಜುಗಳಿಗೇ. ಪಾಠವೆಲ್ಲ ಕೂಲಿಯವನ ಪರ, ಸಂಬಳವೆಲ್ಲ ಮಾಲೀಕನ ಕೈಯಿಂದ. ಹಾತಿಮ್ ಹದಿನೈದು ವರ್ಷಗಳಿಂದ ಒಂದು ಸಭೆಯನ್ನೂ ತಪ್ಪಿಸಿಕೊಂಡವನಲ್ಲ. ವಾರ್ತಾಪತ್ರದ ಪ್ರತಿ ಅಕ್ಷರವನ್ನೂ ಓದಿ, ನನ್ನ ಅಚ್ಚಿನ ತಪ್ಪುಗಳನ್ನು ಗುರುತು ಮಾಡಿ ಕಳಿಸುತ್ತಿದ್ದ ಒಬ್ಬನೇ ಓದುಗ ಅವನು.

ನಜೀಬನನ್ನು ಕರೆಸಿದೆ; ಬಾಗಿಲಲ್ಲಿ ಅತಿಥಿಗಳನ್ನು ಬರಮಾಡಿಕೊಂಡು ಅವನು ಬರುವಾಗ ಹತ್ತು ಗಂಟೆಯಾಗಿತ್ತು. ಬೊಜ್ಜಿನ ದೇಹವನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಬಂದವನು ಎಲ್ಲವನ್ನೂ ಕೇಳಿ ಹಣೆ ಒರೆಸಿಕೊಂಡ.

“ಐದನೇ ಪುಟದ ಹಾಳೆ ಕಿತ್ತರೆ ಅದರ ಬೆನ್ನಿಗಿರೋ ಜಕಿಯಾ ಪುಟಾನೂ ಹೋಗುತ್ತಲ್ಲೋ ತಯ್ಯಿಬ್! ಜಕಿಯಾ ಮಕ್ಕಳು ಸೂಸ್‌ನಿಂದ ಬಂದು ಮುಂದಿನ ಸಾಲಲ್ಲಿ ಕೂತಿದಾರೆ. ಅವರಿಗೇನು ಕೊಡೋದು, ಮಕ್ರೂದ್ ಮಿಠಾಯಿ ತಟ್ಟೆನಾ?”

“ಹೌದು. ಮಕ್ರೂದ್ ಕೊಡು.”

“ಬರೀ ಆ ಹೆಸರಿನ ಮೇಲೆ ಮಸಿ ಬಳಿದ್ರೆ?”

“ಮಸಿ ಬಳಿದ ಜಾಗವನ್ನ ಬೆಳಕಿಗೆ ಹಿಡಿದು ಓದದೇ ಇರೋ ಸಮಾಜಶಾಸ್ತ್ರಜ್ಞ ಒಬ್ಬನನ್ನ ತೋರಿಸು.”

ನಜೀಬ ನನ್ನ ಮುಖವನ್ನು ನೋಡಿದ. ಆ ಹನ್ನೊಂದು ದಿನಗಳು ಅವನಿಗೆ ಗೊತ್ತಿದ್ದವು. “ಮುದುಕಾ, ಹರಿಯೋಕೆ ನಿನ್ನ ಕೈ ಬರುತ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ಮೊದಲ ಪ್ರತಿಯ ಕೊನೆಯ ಹಾಳೆಯನ್ನು ಎಳೆದ. ಪಿನ್ನಿನ ಬಳಿ ಕಾಗದದ ಚೂರೊಂದು ಉಳಿಯಿತು. ಮೂವರೂ ಕೂತೆವು. ಒಂದೊಂದು ಹಾಳೆ ಹರಿದಾಗಲೂ ಜಕಿಯಾಳ ಹೆಸರು ಒಮ್ಮೆ ಮೇಲೆ ಬಂದು ಮಗುಚಿಕೊಳ್ಳುತ್ತಿತ್ತು. ಕೆಳಗೆ ಅಂಗಳದಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು, ನಗು, ಯಾರೋ ಯಾರನ್ನೋ ಬಡ್ತಿಗಾಗಿ ಅಣಕಿಸುವ ಮಾತು. ಹತ್ತೂವರೆಯ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿತ್ತು.

ಆಗ ನಜೀಬನ ಕೈ ನಿಂತಿತು.

“ಯಾ ರಬ್ಬೀ! ಬೆಳಗ್ಗೆ ಬಾಗಿಲಲ್ಲಿ ಒಂದು ಪ್ರತಿ ಕೊಟ್ಬಿಟ್ಟೆ.”

“ಯಾರಿಗೆ?” ರೌಧಾ ಎದ್ದು ನಿಂತಳು.

“ಹಾತಿಮ್‌ಗೆ. ಅವನೇ ಕೇಳಿದ. ‘ನಜೀಬ್ ಸಾಹೇಬ್ರೇ, ಜಕಿಯಾ ಅವರ ಬಗ್ಗೆ ಉಸ್ತಾದ್ ಬರೆದಿದಾರಂತೆ, ಜನದ ಮಧ್ಯೆ ಓದೋಕೆ ನನ್ನಿಂದಾಗಲ್ಲ, ಮೊದಲೇ ಕೊಡಿ’ ಅಂದ. ಕೊಟ್ಟೆ. ಓದುವ ಕೋಣೆಗೆ ಹೋದ.”

ರೌಧಾ ಹೊರಟಳು, ನಾನು ತಡೆದೆ. “ನೀನು ಹೋದ್ರೆ ಓದೋ ಮೊದಲೇ ಅವನಿಗೆ ಗೊತ್ತಾಗುತ್ತೆ.”

ಆ ಹದಿನೆಂಟು ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ. ಒಬ್ಬ ಹೆಂಗಸಿನ ಅನ್ನ, ಅವಳ ಮಗಳ ಓದು, ಒಂದು ಹಾಳೆ ಮಗುಚುವುದರ ಮೇಲೆ ನಿಂತಿದೆಯೆಂಬುದಷ್ಟೇ ತಲೆಯಲ್ಲಿತ್ತು. ಓದುವ ಕೋಣೆಯ ಬಾಗಿಲು ಅರೆತೆರೆದಿತ್ತು. ಹಾತಿಮ್ ಕಿಟಕಿಯ ಕೆಳಗೆ ಕುಳಿತಿದ್ದ. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ, ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿ ಪತ್ರ, ಹಿಂಬದಿ ಮೇಲಾಗಿ. ಅವನಿನ್ನೂ ಕೊನೆಯ ಪುಟದಲ್ಲೇ ಇದ್ದ.

“ಬನ್ನಿ ಉಸ್ತಾದ್, ಕೂತ್ಕೊಳ್ಳಿ. ನಿಧಾನವಾಗಿ ಓದ್ತಾ ಇದೀನಿ. ಅರ್ಧಕ್ಕೆ ಬಂದೆ. ಅವರು ನಗೋವಾಗ ಸೀಮೆಸುಣ್ಣ ಕೆಳಗೆ ಬೀಳ್ತಿತ್ತಲ್ಲ, ಅದನ್ನೂ ಬರೆದಿದೀರಿ.”

“ಹಾತಿಮ್, ಆ ಪ್ರತಿ ವಾಪಸ್ ಬೇಕಿತ್ತು.”

“ಯಾಕೆ?”

“ಒಂದು ತಪ್ಪಾಗಿದೆ. ತಾರೀಕು.”

ಅವನು ಕನ್ನಡಕವನ್ನು ಇಳಿಸಿಕೊಂಡು ನೋಡಿದ. “ಫೆಬ್ರವರಿ ಒಂಬತ್ತು. ಸರಿಯಾಗೇ ಇದೆ. ಮರುದಿನ ಹೆಗಲು ಕೊಟ್ಟವನು ನಾನು. ನೀವು ನನ್ನ ಮುಂದೇನೇ ಇದ್ರಿ.”

ಹಾತಿಮನ ಹೆಬ್ಬೆರಳು ಹಾಳೆಯ ಅಂಚಿನಡಿಗೆ ಸರಿದು ಅಲ್ಲೇ ನಿಂತಿತು. ಮಗುಚಲಿಲ್ಲ, ಬಿಡಲೂ ಇಲ್ಲ. ಮಹಡಿಯಿಂದ ಕಾಗದ ಹರಿಯುವ ಸದ್ದು ಮತ್ತೆ ಶುರುವಾಯಿತು.

“ಅರ್ಧ ಗಂಟೆಯಿಂದ ಕೇಳಿಸ್ಕೋತಾ ಇದೀನಿ,” ಎಂದ ಅವನು. “ಹಳೇ ಕಾಗದಪತ್ರ ಹರೀತಿದಾರೆ ಅಂದ್ಕೊಂಡಿದ್ದೆ. ಇದರ ಹಿಂದೆ ರೌಧಾ ಪುಟ ಇದೆ, ಅಲ್ವಾ?”

“ಇದೆ.”

“ಅವಳನ್ನ ಕಾರ್ಖಾನೆ ಒಳಗೆ ಬಿಡಿಸಿದ್ದು ನಾನು. ಮಾಲೀಕ ಬೇಡ ಅಂದಾಗ, ‘ಒಳ್ಳೆ ಹುಡುಗಿ, ನಮ್ಮ ಉಸ್ತಾದ್ ಶಿಷ್ಯೆ’ ಅಂದೆ.”

“ಗೊತ್ತು.”

“ನನಗೆ ಹೆದರಿ ಹರಿದ್ರಿ.”

“ನಿನಗಲ್ಲ ಹಾತಿಮ್. ನಿನ್ನ ಬೀರುವಿನಲ್ಲಿರೋ ಅರ್ಜಿಗಳಿಗೆ.”

ಅವನು ಸದ್ದಿಲ್ಲದೆ ನಕ್ಕ. “ಬೀರುವಿನ ಬೀಗದ ಕೈ ಇರೋದು ನನ್ನ ಜೇಬಲ್ಲಿ, ಉಸ್ತಾದ್.”

ಅವನಿಗೆ ಎಲ್ಲವೂ ಹೊಳೆದಿತ್ತು, ಹೆಸರೊಂದನ್ನು ಬಿಟ್ಟು. ಆ ಹೆಸರು ಅವನ ಹೆಬ್ಬೆರಳಿನಡಿಯಲ್ಲಿತ್ತು. ಕೈ ಚಾಚಿ ಕಸಿದುಕೊಳ್ಳುವ ವಯಸ್ಸು ನನ್ನದಲ್ಲ. ಕಸಿದುಕೊಂಡರೆ ಅದೂ ಒಂದು ಉತ್ತರವೇ ಆಗುತ್ತಿತ್ತು.

“ಮಾಲೀಕ ಪ್ರತಿ ಸೋಮವಾರ ಕೇಳ್ತಾನೆ, ಹೆಸರು ಸಿಕ್ತಾ ಅಂತ,” ಎಂದ ಹಾತಿಮ್, ಹಾಳೆಯನ್ನೇ ನೋಡುತ್ತ. “ಸಿಕ್ಕಿಲ್ಲ ಅಂತೀನಿ. ನಿಜ ಆಗಿರೋದ್ರಿಂದ ಕಣ್ಣಲ್ಲಿ ಕಣ್ಣಿಟ್ಟು ಹೇಳ್ತೀನಿ. ಜೂನ್‌ನಲ್ಲಿ ನನ್ನ ಕರಾರು ಮುಗಿಯುತ್ತೆ. ಎರಡು ಹೆಣ್ಣುಮಕ್ಕಳು, ಇಬ್ಬರೂ ಶಾಲೇಲಿ. ಇದನ್ನ ಓದಿದ್ರೆ ಸೋಮವಾರ ಸುಳ್ಳು ಹೇಳ್ಬೇಕು. ನನಗೆ ಸುಳ್ಳು ಬರಲ್ಲ. ನೀವೇ ಕಲಿಸ್ಲಿಲ್ಲ. ಈಗ ನೀವು ಹೇಳಿದ್ದೂ ಅಷ್ಟೇನೂ ಚೆನ್ನಾಗಿರಲಿಲ್ಲ.”

“ಚೆನ್ನಾಗಿರಲಿಲ್ಲ,” ಎಂದೆ.

ಅವನು ಪಿನ್ನನ್ನು ಉಗುರಿನಿಂದ ಬಿಡಿಸಿದ. ಕೊನೆಯ ಹಾಳೆಯನ್ನು ಜಕಿಯಾಳ ಪುಟ ಮೇಲಾಗಿಯೇ ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ, ನನ್ನ ಕಡೆಗೆ ಜಾರಿಸಿದ. ಅದು ನನ್ನ ಕೈಸೇರಿದ ಮೇಲೂ ಅವನ ಕಣ್ಣು ಮುಗಿಯದ ಆ ಅರ್ಧ ಪುಟದ ಮೇಲೆಯೇ ಇತ್ತು.

“ಜಕಿಯಾ ಬಗ್ಗೆ ಬರೆದದ್ದನ್ನ ನಾನೇ ಕೈಯಲ್ಲಿ ಬರೆದು ನಿನಗೆ ಕಳಿಸ್ತೀನಿ.”

“ಬೇಡ. ಇನ್ಮೇಲೆ ನನ್ನ ವಿಳಾಸಕ್ಕೆ ಏನೂ ಕಳಿಸ್ಬೇಡಿ. ಪಟ್ಟಿಯಿಂದ ಹೆಸರು ತೆಗೆದುಬಿಡಿ.”

“ಹಾತಿಮ್, ಹಾಗೆಲ್ಲ ಮಾತಾಡಬೇಡ—”

“ನಾನು ಓದ್ತೀನಿ ಅಂತ ಗೊತ್ತಿದ್ರೆ ರೌಧಾ ಥರದವರು ಏನು ಬರೀತಾರೆ? ಆ ಹೆಂಗಸರು ಯಾರ ಹತ್ರ ಬಾಯಿ ಬಿಡ್ತಾರೆ? ನಾನು ನಿಮ್ಮ ಕಡೆಯವನು ಅಂತ ಹದಿನೈದು ವರ್ಷ ಇಲ್ಲಿಗೆ ಬರ್ತಾ ಇದ್ದೆ. ಬಂದು ಕೂತು, ಚಹಾ ಕುಡಿದು, ವಾಪಸ್ ಹೋಗಿ ಆ ಬೀರು ತೆಗೀತಿದ್ದೆ.”

“ಚಹಾನಾದ್ರೂ ಕುಡಿದು ಹೋಗು. ಜಕಿಯಾ ಮಕ್ಕಳು ಬಂದಿದಾರೆ.”

“ಕೂತ್ರೆ ಯಾರಾದ್ರೂ ಬಹುಮಾನದ ಮಾತೆತ್ತುತ್ತಾರೆ, ಉಸ್ತಾದ್. ನಮ್ಮವರ ಬಾಯಿ ನಿಮಗೆ ಗೊತ್ತಲ್ಲ.”

ಎದ್ದು ಕೋಟು ಹಾಕಿಕೊಂಡ. ಉಳಿದ ಎರಡು ಹಾಳೆಗಳನ್ನೂ ತೆಗೆದುಕೊಳ್ಳಲಿಲ್ಲ. ಬಾಗಿ ನನ್ನ ಹೆಗಲಿಗೆ ತುಟಿ ತಾಗಿಸಿದ, ಮಗ ತಂದೆಗೆ ಮಾಡುವಂತೆ. ಹೊರಗೆ ಚಹಾದ ಲೋಟಗಳ ಕಿಣಿಕಿಣಿ ಆರಂಭವಾಗಿತ್ತು. ಯಾರೋ ಅವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು, ಅವನು ಓಗೊಡಲಿಲ್ಲ.

ಮಳೆಗಾಲದಲ್ಲಿ ಉಬ್ಬಿಕೊಂಡಿದ್ದ ಬಾಗಿಲು ಮೊದಲ ಸಲ ಕೂರಲಿಲ್ಲ. ಅವನು ಆಚೆಯಿಂದ ಅದನ್ನು ಇನ್ನೊಮ್ಮೆ, ಮೆಲ್ಲಗೆ, ಪೂರ್ತಿ ಮುಚ್ಚುವವರೆಗೆ ಎಳೆದುಕೊಂಡ.